ಮನೆಪಟ್ಟಿಯ ದರ ಕಟ್ಟುವವರು ಯಾರು?

(ಟಿಳಕವಾಡಿಯ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯ ಕೂಲಿಕಾರನಿಗೂ ಸಣ್ಣ ಅಂಗಡಿಕಾರನಿಗೂ ಒಂದೇ ಸಮನೆ ತಟ್ಟುವ ತೆರಿಗೆ ಮನೆಪಟ್ಟಿ. ಸ್ವಂತ ಮನೆಯಿದ್ದವನು ನೇರವಾಗಿ ಕೊಡುತ್ತಾನೆ. ಬಾಡಿಗೆದಾರನು ಬಾಡಿಗೆಯೊಳಗೇ ಸೇರಿಸಿ ಕೊಡುತ್ತಾನೆ. ಕೊಡುವವರಿಗೆ ಅದರ ಲೆಕ್ಕ ತಿಳಿದಿರಬೇಕು.

ಬೆಳಗಾವಿ ಮುಂಬಯಿ ಪ್ರಾಂತದಲ್ಲಿದ್ದಾಗ ಇಲ್ಲಿ 1925ರ ಬರೋ ಮುನಿಸಿಪಾಲಿಟಿ ಕಾಯಿದೆ ನಡೆಯುತ್ತಿತ್ತು. ಮನೆ ವರ್ಷಕ್ಕೆ ಎಷ್ಟು ಬಾಡಿಗೆ ತರಬಲ್ಲದೆಂಬುದೇ ಆಗಿನ ಆಧಾರ. ಅಹಮದಾಬಾದಿನವರು ಅದೇ ಕಾಯಿದೆಯ ಕೆಳಗೆ ಬಯಲು ಜಾಗದ ಬೆಲೆಯ ಮೇಲೆ ಪಟ್ಟಿ ಹಾಕಿದಾಗ, 1963ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಪಡಿಸಿತು.

ಇಂದಿನ ಆಧಾರ ಬೇರೆ. ಈ ಶತಮಾನದ ಆರಂಭದಲ್ಲಿ ನಮ್ಮ ರಾಜ್ಯಕ್ಕೆ ಬಂಡವಾಳ ಮೌಲ್ಯ ಪದ್ಧತಿ ಬಂದಿತು. ನೋಂದಣಿಗಾಗಿ ಸರಕಾರ ಗೊತ್ತುಪಡಿಸುವ ಮಾರ್ಗಸೂಚಿ ಬೆಲೆಯೇ ಅದರ ಅಳತೆಗೋಲು. ಹಳೆಯ ಪದ್ಧತಿಯಲ್ಲಿ ಗುಮಾಸ್ತನ ಅಂದಾಜೇ ಕೊನೆಯ ಮಾತು. ಈಗ ಮಾಲಕನೇ ಲೆಕ್ಕ ಹಾಕಿ ಕಟ್ಟಬಹುದು. ಇದು ಒಳ್ಳೆಯದೇ. ಆದರೆ ಕೂಲಿ ಏರದಿದ್ದರೂ, ಗಿರಾಕಿ ಹೆಚ್ಚದಿದ್ದರೂ, ಓಣಿಯ ಜಾಗ ದುಬಾರಿಯಾಯಿತೆಂದು ನಮ್ಮ ಪಟ್ಟಿ ಏರುತ್ತದೆ. ಜಾಗ ಮಾರುವವನಿಗೆ ಅದು ಲಾಭ. ಅದರಲ್ಲಿ ಬಾಳುವವನಿಗೆ ಬರೀ ಭಾರ.

ಇದರ ಮೇಲೆ ಕರಗಳುಂಟು. ನೂರು ರೂಪಾಯಿ ಪಟ್ಟಿಗೆ ಆರೋಗ್ಯ ಕರ 15, ಗ್ರಂಥಾಲಯ ಕರ 6, ಭಿಕ್ಷುಕರ ಕರ 3. ಈ 24 ರೂಪಾಯಿ ನಮ್ಮ ಓಣಿಯ ಗಟಾರಕ್ಕೆ ಬರುವ ಹಣವಲ್ಲ. ಪಾಲಿಕೆ ವಸೂಲಿ ಮಾಡಿ ಬೇರೆಡೆಗೆ ಸಲ್ಲಿಸತಕ್ಕದ್ದು.

ಇನ್ನು ದರದ ಮಾತು. ಕಾಯಿದೆ ಕನಿಷ್ಠ ಗರಿಷ್ಠ ಮಿತಿ ಹೇಳುತ್ತದೆ. ನಡುವಿನ ದರ ಗೊತ್ತುಪಡಿಸುವುದು ಪಾಲಿಕೆಗೆ ಸೇರಿದ್ದು. ಬೆಳಗಾವಿಯಲ್ಲಿ ಏನಾಯಿತು? 2019ರಲ್ಲಿ ಹಿಂದಿನ ಸಭೆಯ ಅವಧಿ ಮುಗಿಯಿತು. 58 ವಾರ್ಡುಗಳ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರಿನಲ್ಲಿ. ಮೇಯರರ ಆಯ್ಕೆ 2023ರ ಫೆಬ್ರುವರಿಯಲ್ಲಿ. ಈ ನಡುವೆಯೇ ಸರಕಾರ ಕಾಯಿದೆ ತಿದ್ದಿ, ಪಟ್ಟಿಯನ್ನು ಚಾಲ್ತಿ ಮಾರ್ಗಸೂಚಿ ಬೆಲೆಗೆ ಕಟ್ಟಿತು. ಅಧಿಕಾರವೆಲ್ಲ ಆಡಳಿತಾಧಿಕಾರಿಯ ಕೈಯಲ್ಲಿ; ಪ್ರಶ್ನೆ ಕೇಳಬೇಕಾದ ನಮ್ಮ ಪ್ರತಿನಿಧಿಗಳು ಸಭೆಯ ಹೊರಗೆ!

ಆದ್ದರಿಂದ ನಮ್ಮ ಬೇಡಿಕೆಗಳು ಮೂರು. ಒಂದು, ಓಣಿವಾರು ಬೆಲೆ ಮತ್ತು ದರಗಳ ತಖ್ತೆಯನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಪ್ರತಿ ವಾರ್ಡಿನಲ್ಲಿ ಅಂಟಿಸಬೇಕು. ಎರಡು, ದರ ಏರಿಸುವ ಮುನ್ನ ಸಭೆಯಲ್ಲಿ ಬಹಿರಂಗ ಚರ್ಚೆಯಾಗಬೇಕು. ಮೂರು, ವಡಗಾವಿ, ಖಾಸಬಾಗ, ಶಹಾಪುರಗಳಲ್ಲಿ ಮಗ್ಗದ ಪಕ್ಕದಲ್ಲೇ ಮಲಗುವ ನೇಕಾರನ ಮನೆಯನ್ನು ಮನೆಯೆಂದೇ ಎಣಿಸಬೇಕು, ಕಾರಖಾನೆಯೆಂದಲ್ಲ.

ಪಟ್ಟಿ ಕೊಡಬೇಡಿರೆಂದು ನಾನು ಹೇಳುವುದಿಲ್ಲ. ಪಟ್ಟಿಯಿಲ್ಲದೆ ನೀರಿಲ್ಲ, ದೀಪವಿಲ್ಲ. ಆದರೆ ಕೊಡುವ ಮುನ್ನ ಚಲನ್ ಬಿಚ್ಚಿ ನೋಡಿರಿ: ಅಳತೆ ಸರಿಯಿದೆಯೇ, ಕಟ್ಟಿದ ವರ್ಷ ಸರಿಯಿದೆಯೇ, ವಾಸವೋ ವ್ಯಾಪಾರವೋ ಎಂದು ಬರೆದದ್ದು ಸರಿಯೇ? ತಪ್ಪಿದ್ದರೆ ತಕರಾರು ಅರ್ಜಿ ಬರೆದು ಕೊಡಿರಿ, ಪೋಚು ಪಡೆಯಿರಿ. ಒಬ್ಬನ ಅರ್ಜಿ ಕಡತದಲ್ಲಿ ಮಲಗುತ್ತದೆ. ಓಣಿಯೇ ಬರೆದರೆ ಸಭೆ ಎಚ್ಚರವಾಗುತ್ತದೆ.