ಹಳ್ಳದ ಆಚೆ, ಹಳ್ಳದ ಈಚೆ
(ನಮ್ಮ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಪರದೇಶದ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾವು ಪಂಡಿತರಲ್ಲ. ಲಂಡನ್, ಪ್ಯಾರಿಸ್ ಮುಂತಾದ ಮಹಾನಗರಗಳ ಮಾತನ್ನು ಬಲ್ಲವರಿಗೆ ಬಿಟ್ಟು, ಜರ್ಮನಿಯ ಒಂದು ಪುಟ್ಟ ಹಳ್ಳಿಯ ಸಂಗತಿಯನ್ನು ಹೇಳುತ್ತೇವೆ. ಅಲ್ಲಿರುವ ಜನ ಸುಮಾರು ಐವತ್ತು. ಈ ಕೋಣೆಯಲ್ಲಿ ಹಿಡಿಸುವಷ್ಟೇ! ಊರಿನ ಹೆಸರು ಮೋಡ್ಲಾರಾಯ್ಟ್.

ಇದು ಹೋಫ್ ಎಂಬ ಪಟ್ಟಣಕ್ಕೆ ಉತ್ತರದಲ್ಲಿ, ಗುಡ್ಡ, ಹೊಲ, ಕಾಡುಗಳ ನಡುವೆ ಇದೆ. ಆ ಸೀಮೆಯಲ್ಲಿ ‘ರಾಯ್ಟ್’ ಎಂದು ಕೊನೆಯಾಗುವ ಊರುಗಳು ಹಲವು ಉಂಟು. ಕಾಡು ಕಡಿದು ಹಸನು ಮಾಡಿದ ಜಾಗ ಎಂದು ಅದರ ಅರ್ಥ. ಜನ ಒಕ್ಕಲುತನದವರು. ಊರ ನಡುವೆ ಟಾನ್‌ಬಾಖ್ ಎಂಬ ಹಳ್ಳ ಹರಿಯುತ್ತದೆ. ಹಳ್ಳವೆಂದರೆ ದೊಡ್ಡದೇನಲ್ಲ, ಹುಡುಗರು ಹಾರಿ ದಾಟುವಷ್ಟು. ಅದರ ನೀರು ಸಾಲೆ ನದಿಯನ್ನೂ, ಅಲ್ಲಿಂದ ಎಲ್ಬೆ ನದಿಯನ್ನೂ ಸೇರಿ ಸಮುದ್ರಕ್ಕೆ ಹೋಗುತ್ತದೆ.

1810ರಲ್ಲಿ ಈ ಹಳ್ಳವನ್ನೇ ಗಡಿಯೆಂದು ಗೊತ್ತುಮಾಡಿದರು. ಒಂದು ದಡ ಬವೇರಿಯ ರಾಜ್ಯಕ್ಕೆ, ಇನ್ನೊಂದು ದಡ ರಾಯ್ಸ್ ಎಂಬ ಸಣ್ಣ ಸಂಸ್ಥಾನಕ್ಕೆ. ಗಡಿಕಲ್ಲುಗಳನ್ನು ನೆಟ್ಟು ಅವುಗಳ ಮೇಲೆ ಅಕ್ಷರ ಕೆತ್ತಿಸಿದರು. 1920ರಲ್ಲಿ ರಾಯ್ಸ್ ಸೀಮೆ ಥುರಿಂಗಿಯ ರಾಜ್ಯದೊಳಗೆ ಸೇರಿತು.

ಹೀಗೆ ಗಡಿಯಾದರೂ ಊರು ಒಡೆಯಿತೇ? ಇಲ್ಲ. ಶಾಲೆಯೂ ಊಟ ಪಾನೀಯದ ಅಂಗಡಿಯೂ ಥುರಿಂಗಿಯದ ದಡದಲ್ಲಿದ್ದವು; ಇಗರ್ಜಿಗೆ ಬವೇರಿಯದ ಕಡೆಯ ಟೋಪೆನ್ ಗ್ರಾಮಕ್ಕೆ ಹೋಗಬೇಕಾಗಿತ್ತು. ಮಕ್ಕಳು ಈ ಕಡೆ ಓದಿದರು, ಹಿರಿಯರು ಆ ಕಡೆ ಪ್ರಾರ್ಥನೆ ಮಾಡಿದರು. ಹೆಣ್ಣು ಕೊಟ್ಟರು, ತಂದರು. ನೂರಮೂವತ್ತೈದು ವರ್ಷ ಗಡಿಕಲ್ಲುಗಳು ಪಾಚಿ ಹಿಡಿದು ನಿಂತಿದ್ದುವೇ ಹೊರತು ಯಾರ ಕಾಲಿಗೂ ಅಡ್ಡ ಬರಲಿಲ್ಲ.

1945ರಲ್ಲಿ ಯುದ್ಧ ಮುಗಿಯಿತು. ಗೆದ್ದ ರಾಷ್ಟ್ರಗಳು ಜರ್ಮನಿಯನ್ನು ಹಂಚಿಕೊಂಡಾಗ ಥುರಿಂಗಿಯ ರಷ್ಯನ್ನರ ಕೈಗೂ, ಬವೇರಿಯ ಅಮೆರಿಕನ್ನರ ಕೈಗೂ ಬಂದುವು. ನಕ್ಷೆಯ ಮೇಲಿನ ಹಳೆಯ ಗೆರೆಯೇ ಇಬ್ಬರಿಗೂ ಸಾಕಾಯಿತು. 1949ರಲ್ಲಿ ಎರಡು ಸರ್ಕಾರಗಳಾದವು. ಹಳ್ಳದ ಒಂದು ದಡ ಪೂರ್ವ ಜರ್ಮನಿ, ಇನ್ನೊಂದು ದಡ ಪಶ್ಚಿಮ ಜರ್ಮನಿ.

1952ರ ಮೇ ತಿಂಗಳಲ್ಲಿ ಪೂರ್ವದ ಸರ್ಕಾರ ಗಡಿಯನ್ನು ಮುಚ್ಚಿತು. ಗಡಿಗೆ ತಗುಲಿದ ಹತ್ತು ಮೀಟರ್ ನೆಲವನ್ನು ಉತ್ತು, ಯಾರೂ ಕಾಲಿಡಕೂಡದೆಂದರು. ಐನೂರು ಮೀಟರ್ ಒಳಗೆ ಇರುವವರಿಗೆ ಕಟ್ಟುನಿಟ್ಟು. ಐದು ಕಿಲೋಮೀಟರ್ ಒಳಕ್ಕೆ ಬರಬೇಕಾದರೂ ರಹದಾರಿ ಬೇಕು. ನಂಬಿಕೆಗೆ ಅರ್ಹರಲ್ಲವೆಂದು ಗಡಿಯ ಉದ್ದಕ್ಕೂ ಎಂಟು ಸಾವಿರಕ್ಕೂ ಮೇಲ್ಪಟ್ಟು ಜನರನ್ನು ಮನೆ ಬಿಡಿಸಿ ಒಳನಾಡಿಗೆ ಸಾಗಿಸಿದರು. ಮೋಡ್ಲಾರಾಯ್ಟಿನಲ್ಲಿ ಮೊದಲು ಮರದ ಬೇಲಿ ಎದ್ದಿತು, ಆಮೇಲೆ ಮುಳ್ಳುತಂತಿ. 1966ರಲ್ಲಿ ಏಳುನೂರು ಮೀಟರ್ ಉದ್ದದ, ಹನ್ನೊಂದು ಅಡಿ ಎತ್ತರದ ಕಾಂಕ್ರೀಟು ಗೋಡೆ! ಕಾವಲು ಗೋಪುರ, ರಾತ್ರಿಯೆಲ್ಲ ದೀಪ, ಕಾವಲು ನಾಯಿ. ಅಮೆರಿಕನ್ ಸೈನಿಕರು ಈ ಊರಿಗೆ ‘ಚಿಕ್ಕ ಬರ್ಲಿನ್’ ಎಂದು ಹೆಸರಿಟ್ಟರು.

ನಮ್ಮ ಮನಸ್ಸಿಗೆ ನಾಟಿದ್ದು ಗೋಡೆಯ ಎತ್ತರವಲ್ಲ. ಪೂರ್ವದ ದಡದವರು ಪಶ್ಚಿಮದವರಿಗೆ ಕೈ ಬೀಸುವುದೂ ನಿಷೇಧವಾಗಿತ್ತು. ಈ ಕಡೆಯಿಂದ ಬಂಧು ಕೈ ಬೀಸಿದರೆ ಆ ಕಡೆಯವರು ಕಾಣದವರಂತೆ ಮುಖ ತಿರುಗಿಸಿ ಹೋಗಬೇಕು. ನಾವು ಹೊಟ್ಟೆಪಾಡಿಗಾಗಿ ನೂರಾರು ಮೈಲಿ ದೂರ ಬಂದವರು. ಆದರೂ ಊರಿನಿಂದ ಸುದ್ದಿ ಬರುತ್ತದೆ. ಹಬ್ಬಕ್ಕೆ ರೈಲು ಹತ್ತಿದರೆ ತಾಯಿಯ ಮುಖ ನೋಡಬಹುದು. ಅವರಿಗೆ ಕೂಗಳತೆಯ ದೂರವೇ ದೂರದೇಶವಾಯಿತು.

1989ರ ನವೆಂಬರ್ 9ರಂದು ಬರ್ಲಿನ್ನಿನ ಗೋಡೆ ತೆರೆಯಿತು. ಆದರೆ ಈ ಹಳ್ಳಿಯವರು ಇನ್ನೂ ಒಂದು ತಿಂಗಳು ಕಾದರು. ಡಿಸೆಂಬರ್ 9ರಂದು ಗೋಡೆಯಲ್ಲಿ ದಾರಿ ಬಿಡಿಸಿದರು. ಮೂವತ್ತೇಳು ವರ್ಷಗಳ ಮೇಲೆ ನೆರೆಮನೆಯವರು ನಡೆದುಕೊಂಡು ನೆರೆಮನೆಗೆ ಹೋದರು. 1990ರ ಜೂನ್ 17ರಂದು ಗೋಡೆಯನ್ನು ಕೆಡವಿದರು. ಒಂದು ಭಾಗವನ್ನು ಮಾತ್ರ, ಮುಂದಿನವರು ನೋಡಲೆಂದು, ಹಾಗೆಯೇ ಉಳಿಸಿ ವಸ್ತುಸಂಗ್ರಹಾಲಯ ಮಾಡಿದ್ದಾರೆ.

ಇನ್ನೊಂದು ಮಾತು. ಗೋಡೆ ಹೋಯಿತು, ಗೆರೆ ಹೋಗಲಿಲ್ಲ. ಇಂದಿಗೂ ಹಳ್ಳದ ಒಂದು ದಡ ಬವೇರಿಯ, ಇನ್ನೊಂದು ಥುರಿಂಗಿಯ. ಒಂದೇ ಊರಿಗೆ ಇಬ್ಬರು ಮೇಯರುಗಳು, ಎರಡು ಅಂಚೆ ಸಂಖ್ಯೆ. ಆದರೆ ಆ ಗೆರೆ ಈಗ 1810ರಲ್ಲಿ ಇದ್ದಂತೆಯೇ ಸಾಧುವಾಗಿದೆ. ದಾಟಲು ಯಾರ ಅಪ್ಪಣೆಯೂ ಬೇಡ.

ಇದರಿಂದ ನಾವು ತಿಳಿದುಕೊಂಡದ್ದಿಷ್ಟು: ನಾಡಿಗೆ ಎಲ್ಲೆ ಇರಲೇಬೇಕು, ಕಂದಾಯಕ್ಕೆ, ಆಡಳಿತಕ್ಕೆ ಅದು ಅಗತ್ಯ. ಎಲ್ಲೆಯಿಂದ ಕೇಡಿಲ್ಲ. ಅದರ ಮೇಲೆ ಗೋಡೆ ಕಟ್ಟಿ, ಕೈ ಬೀಸಬೇಡ ಎನ್ನುವ ಬುದ್ಧಿಯಿಂದ ಕೇಡು. ಹಳ್ಳವಂತೂ ಅಂದೂ ಹರಿಯಿತು, ಇಂದೂ ಹರಿಯುತ್ತಿದೆ. ಎರಡು ದಡಕ್ಕೂ ನೀರು ಒಂದೇ.