ಸೀಸನ್ ಮುಗೀತು, ಈಗ ಮನೆ ಲೆಕ್ಕ

ಜನವರಿ ಆದ್ಮೇಲೆ ಇದೇ ಮೊದಲ ಎಪಿಸೋಡು. ನಡುವೆ ತುಂಬಾ ಜನ ಮೆಸೇಜ್ ಮಾಡಿದ್ರಿ, "ಬ್ರೋ, ಬಂದ್ ಮಾಡಿದ್ಯಾ?" ಅಂತ. ಬಂದ್ ಮಾಡಿಲ್ಲ. ಸೀಸನ್ ಇತ್ತು, ಅದರ ಬೆನ್ನಿಗೇ ಮಾರ್ಚ್ ಎಂಡ್ ಬಂತು. ಇವತ್ತು ಗೆಸ್ಟ್ ಯಾರೂ ಇಲ್ಲ. ನಾನು, ಮೈಕು, ಮೇಲೊಂದು ಫ್ಯಾನು. ಫ್ಯಾನ್ ಸದ್ದು ಕೇಳಿಸಿದ್ರೆ ಸಹಿಸ್ಕೊಳ್ಳಿ. ಹೊಸಪೇಟೆಯ ಏಪ್ರಿಲ್ ಬಿಸಿಲಲ್ಲಿ ಅದನ್ನ ಆರಿಸಿ ಮಾತಾಡೋಕಾಗಲ್ಲ.

ಹೊಸದಾಗಿ ಕೇಳ್ತಿರೋರಿಗೆ ಒಂದು ಮಾತು. ಹಂಪಿ ಸುತ್ತ ಬದುಕೋರಿಗೆ ವರ್ಷದಲ್ಲಿ ಎರಡೇ ಭಾಗ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಸೀಸನ್, ಉಳಿದದ್ದು ಆಫ್ ಸೀಸನ್. ಆ ಆರು ತಿಂಗಳು ಆಟೋದವರು, ಗೈಡ್‌ಗಳು, ಎಳನೀರಿನವರು, ಹೋಮ್‌ಸ್ಟೇನವರು ಯಾರೂ ಮನೇಲಿ ಕೂತು ಮಾತಾಡಲ್ಲ. ನಾನು ಬಿ.ಕಾಂ ಮಾಡಿ, ಹೊಸಪೇಟೇಲಿ ಒಂದು ರೂಮ್ ಹಿಡಿದು, ಇಂಥ ಸಣ್ಣ ವ್ಯಾಪಾರಗಳ ಲೆಕ್ಕ ಬರೀತೀನಿ. ಈ ಸಲ ಕೆಲಸ ಇನ್ನೂ ಜಾಸ್ತಿ ಇತ್ತು. 2025ರ ಸೆಪ್ಟೆಂಬರ್ 22ರಿಂದ, ದಿನಕ್ಕೆ 7,500 ರೂಪಾಯಿವರೆಗಿನ ರೂಮ್ ಬಾಡಿಗೆಗೆ ಜಿಎಸ್‌ಟಿ 12ರಿಂದ ಶೇಕಡಾ 5ಕ್ಕೆ ಇಳೀತಲ್ಲ, ಅದರ ಬಗ್ಗೆ ಬಂದ ಫೋನ್‌ಗಳಿಗೆ ಉತ್ತರ ಕೊಡೋದ್ರಲ್ಲೇ ಅರ್ಧ ದಿನ ಹೋಗೋದು.

ನಮ್ಮ ಮನೆ ಇರೋದು ಕಡ್ಡಿರಾಂಪುರದಲ್ಲಿ. ಮೊದಲು ಹಂಪಿ ಬಜಾರಲ್ಲೇ ಇದ್ವಿ. ವಿರೂಪಾಕ್ಷ ಗುಡಿ ಮುಂದಿನಿಂದ ಎದುರು ಬಸವಣ್ಣನ ಕಡೆಗೆ ಹೋಗೋ ಬೀದಿಯ ಎರಡೂ ಬದಿ ಕಲ್ಲಿನ ಮಂಟಪಗಳ ಸಾಲು ಇದೆ. ಅದರೊಳಗೆ ಅಂಗಡಿ, ಹೋಟೆಲ್, ಮನೆ ಎಲ್ಲ ಇದ್ವು. ನಮ್ಮಜ್ಜಿ ಅಲ್ಲೇ ಹಣ್ಣುಕಾಯಿ ಮಾರ್ತಿದ್ಲು. 2011ರ ಜುಲೈನಲ್ಲಿ ಅವನ್ನ ತೆರವು ಮಾಡಿದ್ರು. ಆಮೇಲೆ ಜಾಗ ಸಿಕ್ಕಿದ್ದು ಕಡ್ಡಿರಾಂಪುರದಲ್ಲಿ. ನಾನಾಗ ಹೈಸ್ಕೂಲ್ ಹುಡುಗ.

ಈಗ ವಿಷಯಕ್ಕೆ ಬರ್ತೀನಿ. ಫೆಬ್ರವರೀಲಿ ಅಪ್ಪ ಫೋನ್ ಮಾಡಿ, "ಮ್ಯಾಲೆ ಎರಡು ರೂಮ್ ಕಟ್ಟಿಸಿ ಹೋಮ್‌ಸ್ಟೇ ಮಾಡೋಣು. ಲೋನ್ ಎಷ್ಟು ಸಿಗ್ತೈತಿ ನೋಡು" ಅಂದ್ರು. ಏಪ್ರಿಲ್ ಆಗ್ಲಿ, ಬಂದು ಕೂತು ನೋಡೋಣ ಅಂದೆ. ಹಂಗೇ ಈ ತಿಂಗಳ ಮೊದಲ ಭಾನುವಾರ ಮನೆಗೆ ಹೋದೆ.

ಬಿ.ಕಾಂ ಓದಿದವರಿಗೆ ಬ್ಯಾಂಕ್ ರೀಕನ್ಸಿಲಿಯೇಷನ್ ಗೊತ್ತಿರುತ್ತೆ. ನಮ್ಮ ಪುಸ್ತಕದ ಬ್ಯಾಲೆನ್ಸ್ ಒಂದು, ಪಾಸ್‌ಬುಕ್‌ನ ಬ್ಯಾಲೆನ್ಸ್ ಇನ್ನೊಂದು ಬಂದಾಗ ಎರಡನ್ನೂ ಇಟ್ಟು ತಾಳೆ ನೋಡೋದು. ಹೆಚ್ಚಿನ ಸಲ ಅಲ್ಲಿ ಯಾರೂ ಮೋಸ ಮಾಡಿರಲ್ಲ. ಒಂದು ಕಡೆ ಬರೆದ ಎಂಟ್ರಿ ಇನ್ನೊಂದು ಕಡೆ ಇನ್ನೂ ಬಂದಿರಲ್ಲ, ಅಷ್ಟೇ. ಮನೇಲೂ ಹಂಗೇ. ಮೂರು ತಿಂಗಳು ಫೋನಲ್ಲಿ "ಹೆಂಗಿದ್ದೀರಿ?", "ಚಲೋ ಅದೀವಿ" ಅಂತ ನಡೆದಿರುತ್ತೆ. ಎರಡೂ ಕಡೆ ಬ್ಯಾಲೆನ್ಸ್ ಸರಿ ಇದೆ ಅನ್ಸುತ್ತೆ.

ಅವ್ವ ಒಗ್ಗರಣಿ, ಮಿರ್ಚಿ ಮಾಡ್ತಿದ್ಲು. ನಾನು "ಅಪ್ಪ ಸಂಜೆ ಎಷ್ಟಕ್ಕೆ ಬರ್ತಾರೆ?" ಅಂತ ಕೇಳಿದೆ. ಅವಳು ಬಾಣಲೆಯಿಂದ ಕಣ್ಣು ತೆಗೀದೇ ಹೇಳಿದ್ಲು: "ಐದೂವರಿಗೆ ಬಂದುಬಿಡ್ತಾರ. ಕತ್ತಲಾದ ಮ್ಯಾಲೆ ಎದುರಿಗಿನ ಗಾಡಿ ಲೈಟ್ ಬಿತ್ತಂದ್ರ ಅವ್ರಿಗೆ ಏನೂ ಕಾಣಂಗಿಲ್ಲ."

ಅಪ್ಪ ಆಟೋ ಓಡಿಸ್ತಾರೆ. ಹೇಮಕೂಟದ ಮೇಲೆ ಸೂರ್ಯಾಸ್ತ ನೋಡಿದ ಪ್ರವಾಸಿಗರನ್ನ ಹೊಸಪೇಟೆಗೆ ವಾಪಸ್ ಬಿಡೋದು ಅವರ ದಿನದ ಒಳ್ಳೆ ಬಾಡಿಗೆ. ಅವರ ಫೋನ್‌ಪೇ ತೆಗೆದು ನೋಡಿದೆ. ಡಿಸೆಂಬರ್‌ನಿಂದ ಈಚೆ ಸಂಜೆ ಆರರ ಮೇಲೆ ಒಂದು ರೂಪಾಯೀನೂ ಬಂದಿಲ್ಲ. ಅಂದ್ರೆ ಅಪ್ಪ ಕೇಳಿದ್ದು ಬರೀ ರೂಮ್ ಅಲ್ಲ. ಆಟೋ ಬಿಟ್ಟ ಮೇಲೆ ಏನು ಅನ್ನೋ ಪ್ರಶ್ನೆಗೆ ಅವರೊಬ್ಬರೇ ಕೂತು ಹುಡುಕಿಕೊಂಡ ಉತ್ತರ ಅದು.

ಎರಡನೇ ಎಂಟ್ರಿ ತಮ್ಮಂದು. ಅವನು ತೋರಣಗಲ್ಲಿನ ಕಡೆ ಕಂತ್ರಾಟಿನ ಮೇಲೆ ಶಿಫ್ಟ್ ಕೆಲಸ ಮಾಡ್ತಾನೆ. ಅಪ್ಪ ಅವನ ಸಂಬಳ ನಂಬಿ ಕಂತು ಕಟ್ಟೋ ಲೆಕ್ಕ ಹಾಕಿದ್ರು. "ಸೆಪ್ಟೆಂಬರ್‌ಗೆ ಕಂತ್ರಾಟ್ ಮುಗಿತೈತಣ್ಣ, ಮುಂದೆ ಗೊತ್ತಿಲ್ಲ. ಅಪ್ಪಗ ಇನ್ನೂ ಹೇಳಿಲ್ಲ" ಅಂದ.

ಮೂರನೇದು ಅಜ್ಜಿದು. ರೂಮ್ ಮಾತು ಬಂದಾಗೆಲ್ಲ ಎದ್ದು ಹೊರಗೆ ಹೋಗ್ತಿದ್ಲು. ಹಿಂದೇನೇ ಹೋಗಿ ಕಟ್ಟೆ ಮೇಲೆ ಕೂತೆ. ಆಕೆ ಕೇಳಿದ್ದು ಒಂದೇ: "ಮ್ಯಾಲೆ ಕಟ್ಟಿದ್ರ ಮತ್ತ ಯಾರರ ಬಂದು ಕೆಡವಂಗಿಲ್ಲ ಅಲ್ಲ?"

ಅದಕ್ಕೆ "ಇಲ್ಲಜ್ಜಿ" ಅಂತ ಸುಮ್ನೆ ಹೇಳೋಕಾಗಲ್ಲ. ಹಂಪಿ 1986ರಿಂದ ಯುನೆಸ್ಕೋ ವಿಶ್ವ ಪರಂಪರೆ ತಾಣ. ಇಲ್ಲಿ ಕಟ್ಟಡ ಕಟ್ಟೋಕೆ, ಏರಿಸೋಕೆ ಪರಂಪರೆ ಪ್ರದೇಶದ ನಿರ್ವಹಣಾ ಪ್ರಾಧಿಕಾರದ ಅನುಮತಿ ಬೇಕು. "ಕಾಗದ ಕೈಗೆ ಬಂದ ಮೇಲೇನೇ ಒಂದು ಇಟ್ಟಿಗೆ ತರೋದು" ಅಂದೆ. ತಲೆ ಆಡಿಸಿದ್ಲು.

ರಾತ್ರಿ ಊಟ ಆದ್ಮೇಲೆ ತಮ್ಮ ತಾನೇ ಬಾಯಿ ಬಿಟ್ಟು ಹೇಳಿದ. ಅಪ್ಪ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ ಎಲ್ಲರೂ ಕೂತು ಲೆಕ್ಕ ಹಾಕಿದ್ವಿ. ಲೋನ್ ಯೋಚನೆ ಇರೋರು ಇದನ್ನ ಬರ್ಕೊಳ್ಳಿ. ಎರಡು ರೂಮಿಗೆ 12 ಲಕ್ಷ ಸಾಲ, ಬಡ್ಡಿ ಶೇಕಡಾ 10, ಅವಧಿ 7 ವರ್ಷ ಅಂತಿಟ್ಕೊಳ್ಳಿ. ತಿಂಗಳ ಕಂತು ಹತ್ತತ್ತಿರ 20,000. ವರ್ಷಕ್ಕೆ 2 ಲಕ್ಷ 40 ಸಾವಿರ. ನಮ್ಮ ದುಡಿಮೆ ಆರು ತಿಂಗಳದ್ದು, ಆದ್ರೆ ಕಂತಿಗೆ ಆಫ್ ಸೀಸನ್ ಇಲ್ಲ. ಹಾಗಾಗಿ ಸೀಸನ್‌ನ ಪ್ರತಿ ತಿಂಗಳು ಕಂತಿಗೇ 40,000 ದುಡೀಬೇಕು. ರೂಮಿಗೆ 1,200 ಅಂದ್ರೂ ಎರಡೂ ರೂಮ್ ತಿಂಗಳಿಗೆ 17 ರಾತ್ರಿ ತುಂಬಿರಬೇಕು. ಕರೆಂಟು, ಬೆಡ್‌ಶೀಟ್, ಬುಕಿಂಗ್ ಕಮಿಷನ್ ಇನ್ನೂ ಸೇರಿಸಿಲ್ಲ. 2020ರ ಮಾರ್ಚ್‌ನಲ್ಲಿ ಸ್ಮಾರಕಗಳ ಬಾಗಿಲೇ ಮುಚ್ಚಿದ್ದನ್ನ ನೋಡಿದೋರು ನಾವು. ಅಂಥ ಒಂದು ವರ್ಷ ಬಂದ್ರೆ ಮನೇನೇ ಅಡವು.

ಒಂದೇ ರೂಮ್, ಇರೋ ಉಳಿತಾಯದ ಜೊತೆ 4 ಲಕ್ಷ ಸಾಲ, 5 ವರ್ಷ ಅಂದ್ರೆ ಕಂತು ಸುಮಾರು 8,500. ತಮ್ಮನ ಸಂಬಳ ನಿಂತ್ರೂ ನಾನೊಬ್ಬ ಎಳೀಬಹುದು. ಹಂಗಾಗಿ ಮೊದಲು ಅಪ್ಪನ ಕಣ್ಣು, ಆಮೇಲೆ ಅನುಮತಿ, ಅದಾದ್ಮೇಲೆ ಸಾಲ ಅಂತ ತೀರ್ಮಾನ ಆಯ್ತು. ಅಪ್ಪ ಒಂದು ಸಲ "ಎರಡಾಗಿದ್ರ ಚಲೋ ಇತ್ತು" ಅಂದ್ರು. ಅವ್ವ, "ಮೊದ್ಲು ಒಂದು ತುಂಬ್ಲಿ" ಅಂದ್ಲು. ಅಲ್ಲಿಗೆ ಮುಗೀತು.

ಮಂಗಳವಾರ ಕಣ್ಣಿನ ಡಾಕ್ಟರ್ ಹತ್ರ ಹೋಗಿದ್ವಿ. ಎರಡೂ ಕಣ್ಣಲ್ಲಿ ಪೊರೆ ಬಂದಿದೆ. ಒಂದರ ಆಪರೇಷನ್ ಮುಂದಿನ ವಾರ, ಇನ್ನೊಂದರದ್ದು ಆಮೇಲೆ. ಅಲ್ಲಿಯವರೆಗೂ ಆಟೋ ಮನೆ ಮುಂದೇ ನಿಲ್ಲುತ್ತೆ.

ನೀವೂ ಇಂಥದೇ ಓಟದಲ್ಲಿದ್ದು ಈಗ ಬಿಡುವಾಗಿದ್ರೆ, ಮನೆಗೆ ಫೋನ್ ಮಾಡಿದಾಗ "ಹೆಂಗಿದ್ದೀರಿ" ಅನ್ನೋದರ ಜೊತೆ ಸಣ್ಣ ಸಣ್ಣದು ಕೇಳಿ ನೋಡಿ. ಸಂಜೆ ಎಷ್ಟಕ್ಕೆ ಬರ್ತೀರಿ? ಗುಳಿಗೆ ಕೊನೇ ಸಲ ಯಾವಾಗ ತಂದ್ರಿ? ಈ ತಿಂಗಳು ಯಾರಿಗಾದ್ರೂ ದುಡ್ಡು ಕೊಡೋದಿದೆಯಾ? ಇಂಥ ಪ್ರಶ್ನೆಗೆ "ಚಲೋ ಅದೀವಿ" ಅಂತ ಉತ್ತರ ಕೊಡೋಕಾಗಲ್ಲ.

ಮುಂದಿನ ವಾರ ಎಪಿಸೋಡ್ ಇರಲ್ಲ, ಆಸ್ಪತ್ರೇಲಿ ಇರ್ತೀನಿ. ಅದರ ಮುಂದಿನ ವಾರದಿಂದ ಮಾಮೂಲಿ ಟೈಮಿಗೆ ಸಿಗೋಣ. ನಿಮ್ಮ ಮನೆ ಲೆಕ್ಕದಲ್ಲಿ ಏನಾದ್ರೂ ಹೊಸ ಎಂಟ್ರಿ ಸಿಕ್ಕಿದ್ರೆ ವಾಯ್ಸ್ ನೋಟ್ ಕಳಿಸಿ, ಕೇಳಿಸ್ಕೊಳ್ತೀನಿ. ಬರ್ತೀನಿ.