ಚೀಲ ತೆಗೆದ ಮೇಲೆ



ಕೊಲಾಸ್ಟಮಿ ಎಂದರೆ ಮಲ ಚೀಲಕ್ಕೆ ಹೋಗಲೆಂದು ದೊಡ್ಡಕರುಳಿನಿಂದ ಹೊಟ್ಟೆಯ ಮೇಲೆ ಮಾಡಿದ ತೆರಪು, ಸ್ಟೋಮಾ. ಅದನ್ನು ಮುಚ್ಚಿ ಕರುಳನ್ನು ಮತ್ತೆ ಜೋಡಿಸುವುದು ವೈದ್ಯರಾದ ನಮ್ಮ ಲೆಕ್ಕದಲ್ಲಿ ಚಿಕಿತ್ಸೆಯ ಕೊನೆಯ ಹಂತ. ಜೋಡಣೆ ಸೋರಲಿಲ್ಲ, ಗಾಳಿ ಹೋಯಿತು, ಮಲವಾಯಿತು, ಡಿಸ್ಚಾರ್ಜ್ ಬರೆದೆವು. ರೋಗಿಯ ಕಷ್ಟ ಎಷ್ಟೋ ಸಲ ಶುರುವಾಗುವುದೇ ಮನೆ ಸೇರಿದ ಮೇಲೆ. ಈ ಸಂಕಿರಣದ ಚರ್ಚೆ ಅಲ್ಲಿಂದ ಹೊರಡಲಿ ಎಂಬುದು ನನ್ನ ಆಶಯ.

ತಿಂಗಳುಗಟ್ಟಲೆ ಮಲ ಹಾಯದ ಕರುಳಿನ ಕೆಳಭಾಗ ಮೊದಲಿನಂತೆ ಇರುವುದಿಲ್ಲ. ದೊಡ್ಡಕರುಳಿನ ಒಳಪದರಕ್ಕೆ ಮುಖ್ಯ ಆಹಾರ, ನಾರಿನಂಶವನ್ನು ಬ್ಯಾಕ್ಟೀರಿಯಾಗಳು ಹುದುಗಿಸಿದಾಗ ಹುಟ್ಟುವ ಬ್ಯುಟಿರೇಟ್. ಅದು ಸಿಗದೆ ಒಳಪದರ ಕೆರಳಬಹುದು; ಲೋಳೆ, ಕೆಲವೊಮ್ಮೆ ರಕ್ತವೂ ಬರಬಹುದು. ಗುದದ ಸ್ನಾಯುಗಳಿಗೂ ಅಷ್ಟು ದಿನ ಕೆಲಸವಿರುವುದಿಲ್ಲ. ಹಾಗಾಗಿ ಜೋಡಣೆಯ ನಂತರದ ವಾರಗಳಲ್ಲಿ ಮತ್ತೆ ಮತ್ತೆ ಶೌಚಕ್ಕೆ ಓಡುವುದು, ತಡೆಯಲಾಗದ ಅವಸರ, ಚರ್ಮದ ಉರಿ ಸಾಮಾನ್ಯ. ಕ್ಯಾನ್ಸರಿನಿಂದ ಗುದನಾಳವನ್ನೇ ಬಹುಪಾಲು ಕಳೆದುಕೊಂಡವರಲ್ಲಿ ಇದು ಇನ್ನೂ ತೀವ್ರ, ಕೆಲವರಿಗೆ ಸುಧಾರಿಸಲು ವರ್ಷಗಳೇ ಹಿಡಿಯುತ್ತವೆ. ಇದನ್ನು ಅಳೆಯಲು ಡೆನ್ಮಾರ್ಕಿನ ವೈದ್ಯರು 2012ರಲ್ಲಿ ಲಾರ್ಸ್ ಸ್ಕೋರ್ ಎಂಬ ಪ್ರಶ್ನಾವಳಿ ಪ್ರಕಟಿಸಿದರು. ಅದರಲ್ಲಿರುವುದು ಐದೇ ಪ್ರಶ್ನೆ. ಎಂಥ ನೂಕುನುಗ್ಗಲಿನ ಓಪಿಡಿಯಲ್ಲೂ ಐದು ಪ್ರಶ್ನೆ ಕೇಳಬಹುದು.

ಜ್ವರ, ಹೊಟ್ಟೆಯುಬ್ಬರ, ಏರುವ ನೋವು ಕಂಡರೆ ತಕ್ಷಣ ಬನ್ನಿ ಎಂದು ನಾವು ಹೇಳಿಯೇ ಹೇಳುತ್ತೇವೆ. ಭಾರ ಎತ್ತಬೇಡಿ, ಹಳೆಯ ಸ್ಟೋಮಾದ ಜಾಗದಲ್ಲಿ ಹರ್ನಿಯಾ ಆದೀತು ಎಂದೂ ಹೇಳುತ್ತೇವೆ. ಹೇಳದೆ ಬಿಡುವುದು ಉಳಿದದ್ದನ್ನು. ಬಸ್ ಹತ್ತುವ ದಿನ ಊಟವನ್ನೇ ಬಿಡುವವರಿದ್ದಾರೆ. ಮದುವೆಮನೆಗೆ ಕಾಲಿಡುತ್ತಲೇ ಶೌಚಾಲಯ ಎಲ್ಲಿದೆಯೆಂದು ಹುಡುಕುವವರಿದ್ದಾರೆ. ಗಂಡ ಹೆಂಡತಿ ಬೇರೆ ಬೇರೆ ಮಲಗಲು ಶುರುಮಾಡಿರುತ್ತಾರೆ, ಕಾರಣ ಇಬ್ಬರ ಬಾಯಲ್ಲೂ ಬರುವುದಿಲ್ಲ. ಮನೆಯವರು "ಚೀಲ ಹೋಯ್ತಲ್ಲ, ಇನ್ನೇನು ಚಿಂತೆ?" ಎನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ, ಆದರೆ ಆ ಮಾತಿನ ಮುಂದೆ ರೋಗಿ ಬಾಯಿ ತೆರೆಯುವುದು ಹೇಗೆ? ಚೀಲವಿದ್ದಾಗಲೇ ವಾಸಿಯಿತ್ತು ಎಂದು ಒಳಗೊಳಗೇ ಅನ್ನಿಸುವವರಿಗೆ, ಹಾಗೆ ಅನ್ನಿಸಿದ್ದೇ ತಪ್ಪೇನೋ ಎಂಬ ಅಳುಕು ಬೇರೆ.

ಇಂಥ ಮಾತಿಗೆ ಕಿವಿಗೊಡಲು ಒಬ್ಬರು ಬೇಕು ಎಂಬುದು ಹೊಸ ಯೋಚನೆಯಲ್ಲ. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಶಸ್ತ್ರಚಿಕಿತ್ಸಕ ರೂಪರ್ಟ್ ಟರ್ನ್‌ಬುಲ್, ಸ್ವತಃ ಇಲಿಯಾಸ್ಟಮಿ (ಸಣ್ಣಕರುಳಿನ ಸ್ಟೋಮಾ) ಆಗಿದ್ದ ನಾರ್ಮಾ ಗಿಲ್ ಅವರನ್ನು ಇತರ ರೋಗಿಗಳಿಗೆ ದಾರಿ ತೋರಿಸಲೆಂದೇ ಕೆಲಸಕ್ಕೆ ತೆಗೆದುಕೊಂಡರು. ಸ್ಟೋಮಾ ಶುಶ್ರೂಷೆ ಎಂಬ ವೃತ್ತಿ ಬೆಳೆದದ್ದು ಅಲ್ಲಿಂದ. ಆದರೆ ಚೀಲ ಹೋದ ದಿನವೇ ಸ್ಟೋಮಾ ನರ್ಸಿನ ನಂಟೂ ಕಡಿದುಹೋದರೆ, ಇಷ್ಟು ದಿನ ಮುಜುಗರವಿಲ್ಲದೆ ಮಾತಾಡಲು ಇದ್ದ ಒಬ್ಬರೂ ರೋಗಿಗೆ ಇಲ್ಲವಾಗುತ್ತಾರೆ. ಈ ನಂಟು ಕನಿಷ್ಠ ಒಂದು ವರ್ಷ ಮುಂದುವರಿಯಬೇಕು, ಡಿಸ್ಚಾರ್ಜ್ ಚೀಟಿಯಲ್ಲಿ ಆ ನರ್ಸಿನ ಫೋನ್ ನಂಬರ್ ಇರಬೇಕು. ಮಲ ತಡೆಯಲು ನೆರವಾಗುವ ಶ್ರೋಣಿಯ ಸ್ನಾಯುಗಳ ವ್ಯಾಯಾಮವನ್ನು ಜೋಡಣೆಯ ಶಸ್ತ್ರಚಿಕಿತ್ಸೆಗೆ ಮೊದಲೇ ಕಲಿಸಬೇಕು.

ಮೊದಲ ಗೋಷ್ಠಿಯಲ್ಲಿ ಈ ಶಸ್ತ್ರಚಿಕಿತ್ಸೆ ಆದವರೇ ಮಾತಾಡಲಿ ಎಂದು ಸಂಘಟಕರನ್ನು ಕೇಳಿಕೊಂಡಿದ್ದೆ, ಒಪ್ಪಿದ್ದಾರೆ. ಅವರ ಮಾತು ಪೂರ್ತಿ ಮುಗಿಯುವ ತನಕ ನಮ್ಮಲ್ಲಿ ಯಾರೂ ಸಲಹೆ ಕೊಡಲು ಏಳುವುದು ಬೇಡ.